ತೊಳೆಯದ ಕಲ್ಲು

ಗಾಜಿನ ಕೊಳವೆಯೊಳಗಿನ ನೀರು ಪುನರ್ಪುಳಿ ಶರಬತ್ತಿನಂತೆ ಕೆಂಪಗಿತ್ತು. ಇಂತ್ರು ಮಾಸ್ಟ್ರು ಅದನ್ನು ಬಿಳಿ ಕಾಗದದ ಮುಂದೆ ಹಿಡಿದು, ಕನ್ನಡಕವನ್ನು ಹಣೆಗೇರಿಸಿ, ಇಳಿಸಿ, ಮತ್ತೆ ಹಣೆಗೇರಿಸಿ ನೋಡುತ್ತಿದ್ದರು. ಹೇಗೆ ನೋಡಿದರೂ ಕೆಂಪು ಕೆಂಪೇ. ಎರಡು ವರ್ಷ, ಪ್ರತಿ ಸೋಮವಾರ, ನಾನು ಆ ಬಣ್ಣವನ್ನು ನೋಡಿದ್ದೇನೆ. ಇವತ್ತಿಗೂ ಯಾರ ಮನೆಯಲ್ಲಾದರೂ ಪುನರ್ಪುಳಿ ಶರಬತ್ತು ತಂದು ಮುಂದಿಟ್ಟರೆ ನನಗೆ ಒಂದು ಗುಟುಕೂ ಇಳಿಯುವುದಿಲ್ಲ.

ನಮ್ಮ ಊರಿನ ಕಡಲದಂಡೆಯಲ್ಲಿ ಆಗ ಒಂದು ಮೀನುಮನೆ ಇತ್ತು. ಊರವರದೇ ಒಂದು ಸಮಿತಿ ಅದನ್ನು ನಡೆಸುತ್ತಿತ್ತು. ಒಟ್ಟು ಹನ್ನೊಂದು ಗಾಜಿನ ತೊಟ್ಟಿಗಳು. ಹತ್ತರಲ್ಲಿ ಬರೀ ಮೀನು, ಹನ್ನೊಂದನೆಯದರಲ್ಲಿ ಮೀನುಗಳ ಜೊತೆ ಜೀವಂತ ಹವಳ. ಹವಳವೆಂದರೆ ಸರಕ್ಕೆ ಪೋಣಿಸುವ ಮಣಿ ಎಂದೇ ನಾನು ತಿಳಿದಿದ್ದೆ. ಅದು ಪ್ರಾಣಿ, ತನ್ನ ಸುತ್ತ ತಾನೇ ಕಲ್ಲಿನ ಗೂಡು ಕಟ್ಟಿಕೊಂಡು ಅದರ ತೂತುಗಳಿಂದ ಸಣ್ಣ ಸಣ್ಣ ಬೆರಳು ಚಾಚುತ್ತದೆ ಎಂದು ತೋರಿಸಿಕೊಟ್ಟವರು ಮಾಸ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು ಅವರು. ಯಾರದೋ ಬಲೆಗೆ ಸಿಕ್ಕಿ ಮುರಿದು ಬಂದ ಹೆಬ್ಬೆರಳಷ್ಟು ತುಂಡನ್ನು ಬೇಡಿ ತಂದು, ಹದಿನಾರು ವರ್ಷ ಸಾಕಿ, ಎರಡು ಅಂಗೈಯಷ್ಟು ಅಗಲ ಮಾಡಿದ್ದರು.

ನಾನು ಅಲ್ಲಿ ಗುಡಿಸಿ ಒರೆಸುವವಳು. ಬರೀ ಗುಡಿಸುವವಳು ಎಂದು ಯಾರಾದರೂ ಅಂದರೆ ಆಗಲೂ ಮೈ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ. ನನ್ನ ಕೈ ತಾಗಿದ ಪಾತ್ರೆಯಲ್ಲಿ ಮುಖ ಕಾಣಬೇಕು, ನಾನು ಒರೆಸಿದ ಗಾಜು ಇದೆಯೋ ಇಲ್ಲವೋ ಎಂದು ಜನ ಮುಟ್ಟಿ ನೋಡಬೇಕು. ಅದು ನನ್ನ ಹಠ. ಯಾರೂ ಹೇಳದ ಮೂಲೆಯನ್ನೂ ತಿಕ್ಕುತ್ತಿದ್ದೆ. ಶನಿವಾರ ಮಾಸ್ಟ್ರು ರಜೆ ಹಾಕಿ ಅಕ್ಕನ ಮನೆಗೆ ಹೋಗುತ್ತಿದ್ದರಿಂದ ಆ ದಿನವಿಡೀ ಮೀನುಮನೆ ನನ್ನದೇ ರಾಜ್ಯ.

ಹವಳಕ್ಕೆ ಕೆಟ್ಟ ಕಾಲ ಬಂದದ್ದು ಮೀನುಗಳು ಹೆಚ್ಚಾದ ಮೇಲೆ. ನೋಡುವವರಿಗೆ ಬಣ್ಣದ ಮೀನು ಬೇಕೆಂದು ಮ್ಯಾನೇಜರ್ ಸದಾನಂದ ಕಿಣಿಯವರು ಹವಳದ ತೊಟ್ಟಿಗೆ ಇಪ್ಪತ್ತು ಮೀನು ಬಿಡಿಸಿದರು. ಮೀನು ತಿನ್ನದೆ ಬಿಟ್ಟದ್ದು, ಹೇತದ್ದು, ಎಲ್ಲ ಕೊಳೆತು ಕೊನೆಗೆ ನೀರಿನಲ್ಲಿ ಒಂದು ಉಪ್ಪಾಗಿ ಉಳಿಯುತ್ತದೆ. ಅದರ ಹೆಸರು ನೈಟ್ರೇಟ್. ಮದ್ದಿನ ಹನಿ ಹಾಕಿದಾಗ ಕೊಳವೆ ಕೆಂಪಾಗುವುದು ಅದರಿಂದಲೇ. ಮೀನಿಗೆ ಅದು ಅಷ್ಟು ಬಾಧಿಸುವುದಿಲ್ಲ, ಹವಳಕ್ಕೆ ಆಗುವುದಿಲ್ಲ. ನಮ್ಮ ಹವಳ ಕಂದು ಬಣ್ಣಕ್ಕೆ ತಿರುಗಿತು, ಬೆರಳುಗಳನ್ನು ಒಳಗೆ ಎಳೆದುಕೊಂಡಿತು, ಅಂಚಿನಿಂದ ಸಾಯತೊಡಗಿತು.

ಮಾಸ್ಟ್ರು ಎಲ್ಲೆಲ್ಲೋ ಓದಿ, ಯಾರ್ಯಾರಿಗೋ ಬರೆದು, ಅರವತ್ತು ಬಿಳಿ ಕಲ್ಲುಗಳನ್ನು ತರಿಸಿದರು. ಅರ್ಧ ಇಟ್ಟಿಗೆಯಷ್ಟು ಗಾತ್ರ, ಕಾವಲಿಯ ಮೇಲಿನ ಉದ್ದಿನ ದೋಸೆಯ ಹಾಗೆ ಮೈತುಂಬ ತೂತು. ತೊಟ್ಟಿಯ ಕೆಳಗಿನ ಮರದ ಕಪಾಟಿನೊಳಗೆ ಇನ್ನೊಂದು ಪುಟ್ಟ ತೊಟ್ಟಿ ಕೂರಿಸಿ, ಕಲ್ಲುಗಳನ್ನು ಅದರಲ್ಲಿ ಜೋಡಿಸಿ, ಮೇಲಿನ ನೀರು ನಿಧಾನವಾಗಿ ಅವುಗಳ ಮೂಲಕ ಹಾದು ಹೋಗುವಂತೆ ಮಾಡಿದರು. "ಈ ಕಲ್ಲು ಕೆಂಪನ್ನು ಇಳಿಸ್ತದೆ" ಎಂದು ಸಮಿತಿಯ ಮುಂದೆ ಹೇಳಿದರು. ಎರಡು ವರ್ಷವಾದರೂ ಇಳಿಯಲಿಲ್ಲ. ಮಾಸ್ಟ್ರ ಮೊಣಕಾಲು ಮಡಚುತ್ತಿರಲಿಲ್ಲ. ಬಗ್ಗಿ ಕಪಾಟಿನೊಳಗೆ ನೋಡುವುದು ಅವರಿಂದಾಗದ ಕೆಲಸ. ಅವರಿಗೆ ಗೊತ್ತಿದ್ದದ್ದು ಕೊಳವೆಯ ಬಣ್ಣ ಒಂದೇ.

"ಎಂತ ಮಾಸ್ಟ್ರೆ, ಮಂತ್ರದ ಕಲ್ಲು ಎಂತ ಹೇಳ್ತದೆ?" ಎಂದು ಕಿಣಿಯವರು ಪ್ರತಿ ಸೋಮವಾರ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಮಾಸ್ಟ್ರು ಮೀನಿಗೆ ಹಾಕುವ ಆಹಾರವನ್ನು ಇನ್ನೊಂದು ಚಿಟಿಕೆ ಕಡಿಮೆ ಮಾಡುತ್ತಿದ್ದರು.

ಕೊನೆಗೆ ಸಮಿತಿಯವರು ತೀರ್ಮಾನ ಮಾಡಿಯೇ ಬಿಟ್ಟರು. ವಾರ್ಷಿಕೋತ್ಸವಕ್ಕೆ ಇನ್ನು ಒಂಬತ್ತು ವಾರ. ಅಷ್ಟರೊಳಗೆ ಕೆಂಪು ಇಳಿಯದಿದ್ದರೆ ಹವಳದ ತೊಟ್ಟಿ ಖಾಲಿ, ಮಾಸ್ಟ್ರಿಗೆ ಶಾಲು ಹೊದೆಸಿ ಬೀಳ್ಕೊಡುಗೆ. ಕಿಣಿಯವರು ಆಗಲೇ ಗೋಣಿಚೀಲದ ತುಂಬ ಪ್ಲಾಸ್ಟಿಕ್ ಹವಳ ತರಿಸಿ ಆಫೀಸಿನಲ್ಲಿಟ್ಟಿದ್ದರು. ಕೆಂಪು, ನೀಲಿ, ಗಿಳಿಹಸಿರು. ನಾನು ಚೀಲದೊಳಗೆ ಇಣುಕಿ ನೋಡಿ ಥೂ ಎಂದಿದ್ದೆ.

ತೀರ್ಮಾನ ಗೊತ್ತಾದ ಸೋಮವಾರವೇ ಮಾಸ್ಟ್ರು ಹವಳವನ್ನು ಬೇರೆಲ್ಲಾದರೂ ಬದುಕಿಸಲು ಆದೀತೇ ಎಂದು ಪ್ರತಿಯೊಂದು ತೊಟ್ಟಿಯ ನೀರನ್ನೂ ಪರೀಕ್ಷೆ ಮಾಡತೊಡಗಿದರು. ಕೊನೆಯಲ್ಲಿ ಉಳಿದದ್ದು ಪಂಪಿನ ಹಿಂದಿನ ಗೋಡೆಯಲ್ಲಿದ್ದ ಹಳೆಯ ತೊಟ್ಟಿ. ಕಾಯಿಲೆ ಬಿದ್ದ ಮೀನುಗಳನ್ನು ಬಿಡುತ್ತಿದ್ದ, ಹನ್ನೊಂದರ ಲೆಕ್ಕಕ್ಕೂ ಸೇರದ ತೊಟ್ಟಿ ಅದು. ಹನಿ ಹಾಕಿದರು, ಕೊಳವೆ ಅಲ್ಲಾಡಿಸಿದರು, ಐದು ನಿಮಿಷ ಕಾದರು. ನೀರು ಬಣ್ಣವೇ ತಿರುಗಲಿಲ್ಲ. ಅಂಥದ್ದೇ ಇನ್ನೊಂದು ಕೊಳವೆ ತಂದು ಮತ್ತೆ ಮಾಡಿದರು. ಅದೂ ಹಾಗೆಯೇ.

"ಇದರಲ್ಲಿ ಎರಡು ಮೀನು ಉಂಟು. ದಿನಾ ತಿಂತವೆ. ಮತ್ತೆ ನೈಟ್ರೇಟ್ ಎಲ್ಲಿಗೆ ಹೋಯ್ತು?" ಎಂದು ತಮ್ಮಷ್ಟಕ್ಕೇ ಗೊಣಗುತ್ತ ಟಾರ್ಚ್ ಹಾಕಿ ಒಳಗೆ ನೋಡಿದರು. "ಓಹೋ! ಇಲ್ಲೊಂದು ಕಲ್ಲು ಉಂಟಲ್ಲ! ಎಷ್ಟು ಕಪ್ಪಾಗಿದೆ!"

ಆ ಕಲ್ಲು ನನಗೆ ಗೊತ್ತಿತ್ತು. ಅರವತ್ತರಲ್ಲಿ ಕಪಾಟಿಗೆ ಹಿಡಿಸದೆ ಉಳಿದ ಒಂದು ಕಲ್ಲನ್ನು ಯಾರೋ ಅಲ್ಲಿ ಹಾಕಿದ್ದರು. ಅದು ಪೈಪಿನ ಅಡಿಗೆ ಸಿಕ್ಕಿಕೊಂಡಿತ್ತು. ಎಷ್ಟೋ ಸಲ ಕೋಲು ಹಾಕಿ ಎಳೆದಿದ್ದೆ, ಜಪ್ಪಯ್ಯ ಅಂದರೂ ಬಂದಿರಲಿಲ್ಲ. ಇಡೀ ಮೀನುಮನೆಯಲ್ಲಿ ನನ್ನ ಕೈಗೆ ಸಿಗದ ಕಲ್ಲು ಅದೊಂದೇ.

ಒಂದು ಕ್ಷಣ ಬಾಯಿ ಮುಚ್ಚಿಕೊಂಡಿರೋಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಮತ್ತೆ ಅವರು ಮೂರನೆಯ ಕೊಳವೆಗೆ ಕೈ ಹಾಕುವುದು ಕಂಡಿತು.

"ಮಾಸ್ಟ್ರೆ," ಎಂದೆ, "ಆ ಕಪಾಟಿನ ಕಲ್ಲೆಲ್ಲ ನಾನು ತೊಳೀತೇನೆ."

"ಎಂತ?"

"ಪ್ರತಿ ಶನಿವಾರ. ನಲ್ಲಿ ನೀರಲ್ಲಿ, ತೆಂಗಿನ ನಾರು ಹಾಕಿ ತಿಕ್ಕಿ. ಲೋಳೆ ಕೂತ್ರೆ ಬ್ಲೀಚಿಂಗ್ ಪೌಡರಿನ ನೀರಲ್ಲಿ ಅದ್ದಿ. ಐವತ್ತೊಂಬತ್ತು ಕಲ್ಲು. ಎರಡು ವರ್ಷದಿಂದ."

ಅವರು ಪಕ್ಕದ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಬೈಯಬಹುದೆಂದು ನಾನು ಸೆರಗು ಬಿಗಿದು ನಿಂತಿದ್ದೆ. ಅವರು ಬೈಯಲಿಲ್ಲ. "ಎರಡು ವರ್ಷ ನಾನು ಆ ಮೀನುಗಳನ್ನು ಉಪವಾಸ ಹಾಕಿದೆ ಮಾರಾಯ್ತಿ," ಎಂದರು. ಅವರ ಕಣ್ಣು ತುಂಬಿತ್ತು. "ನಾನೇ ತಪ್ಪು ಓದಿದೆನೋ ಅಂತ ಎಣಿಸಿದೆ. ತಲೆ ಹೋಯ್ತು ನನ್ನದು, ಇನ್ನು ಮನೇಲಿ ಕೂತ್ಕೊಳ್ಳುದೇ ಒಳ್ಳೇದು ಅಂತ ರಾಜೀನಾಮೆ ಬರೆದು ಕಿಸೆಯಲ್ಲಿ ಇಟ್ಕೊಂಡಿದ್ದೇನೆ."

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. "ಮತ್ತೆ ನನಗೆ ಯಾಕೆ ಹೇಳ್ಲಿಲ್ಲ ನೀವು? ಶಾಲೆ ಮಕ್ಕಳು ಬಂದ್ರೆ ಗಂಟೆಗಟ್ಟಲೆ ಹೇಳ್ತೀರಿ. ಸಮಿತಿಯವರಿಗೆ ಚಿತ್ರ ಬರೆದು ತೋರಿಸ್ತೀರಿ. ದಿನಾ ಆ ಕಪಾಟಿನ ಎದುರು ಮೊಣಕಾಲೂರಿ ಕೂತ್ಕೊಳ್ಳುವವಳು ನಾನು. ಕಸ ಗುಡಿಸುವವಳಿಗೆ ಹೇಳಿ ಎಂತ ಪ್ರಯೋಜನ ಅಂತ ಅಲ್ವಾ?"

ಮಾಸ್ಟ್ರು ನನ್ನನ್ನೇ ನೋಡಿದರು. ಕತ್ತಲೆಯ ಕಪಾಟಿನೊಳಗಿನ ಕಲ್ಲನ್ನು ಒಬ್ಬಳು ತೆಗೆದು ತಿಕ್ಕಿಯಾಳು ಎಂದು ಪಾಪ ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಆದರೂ ಆ ಮಾತನ್ನು ನೆಪವಾಗಿ ಹೇಳಲಿಲ್ಲ. "ಹೌದು. ಹೇಳ್ಬೇಕಿತ್ತು. ಕೂತ್ಕೊ, ಈಗ ಹೇಳ್ತೇನೆ" ಎಂದು ಸ್ಟೂಲು ಬಿಟ್ಟುಕೊಟ್ಟು ತಾವು ಗೋಡೆಗೆ ಒರಗಿ ನಿಂತರು.

ಕಲ್ಲು ಏನೂ ಮಾಡುವುದಿಲ್ಲವಂತೆ. ಅದು ಬರೀ ಮನೆ. ಕಣ್ಣಿಗೆ ಕಾಣದ ಜೀವಿಗಳು ಅದರ ತೂತುಗಳಲ್ಲಿ ಸಂಸಾರ ಹೂಡಬೇಕು. ಹೊರಗಿನ ಪದರದವು ಗಾಳಿ ಬೇಕಾದವು; ಮೀನಿನ ಹೊಲಸನ್ನು ನೈಟ್ರೇಟ್ ಮಾಡಿಡುವುದು ಅವೇ. ತೀರಾ ಒಳಗಿನ ತೂತುಗಳಿಗೆ ಗಾಳಿ ಮುಟ್ಟುವುದಿಲ್ಲ. ಅಲ್ಲಿ ಬೇರೆ ಜಾತಿಯವು ಬಂದು ಕೂರುತ್ತವೆ. ಉಸಿರಾಡಲು ಗಾಳಿ ಇಲ್ಲದ ಕಾರಣ ಅವು ಆ ನೈಟ್ರೇಟನ್ನೇ ಒಡೆದು ತಮಗೆ ಬೇಕಾದ್ದನ್ನು ಕಿತ್ತುಕೊಳ್ಳುತ್ತವೆ. ಉಳಿದದ್ದು ಗಾಳಿಯಾಗಿ ನೀರಿನಿಂದ ಎದ್ದು ಹೋಗುತ್ತದೆ. ಅವು ಬಂದು ನೆಲೆ ನಿಲ್ಲಲು ಎಂಟೋ ಹತ್ತೋ ವಾರ ಬೇಕು. ನಾನು ಏಳೇಳು ದಿನಕ್ಕೆ ಅವುಗಳ ಮನೆಗೆ ಬ್ಲೀಚಿಂಗ್ ಪೌಡರು ಹೊಯ್ಯುತ್ತಿದ್ದೆ.

ಅಂದೇ ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ಮಾಸ್ಟ್ರು ನನ್ನ ಕೈಗೆ ಕೊಟ್ಟರು. ಕೊಳವೆಗೆ ಹನಿ ಹಾಕುವುದನ್ನೂ ಕಲಿಸಿದರು.

ನಂತರದ ಶನಿವಾರಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು. ಕೈ ಸುಮ್ಮನಿರುತ್ತಿರಲಿಲ್ಲ. ಬೀಗ ತೆಗೆದು ನೋಡಿದರೆ ಕಲ್ಲಿನ ಮೇಲೆ ಕಂದು ಲೋಳೆ, ಮೂಲೆಯಲ್ಲಿ ಕೆಸರು. ನೋಡಲಾಗದೆ ಎದ್ದು ಹೋಗಿ ಉಳಿದ ಹತ್ತು ತೊಟ್ಟಿಯ ಗಾಜನ್ನು ಎರಡೆರಡು ಸಲ ಒರೆಸಿ ಬರುತ್ತಿದ್ದೆ. ಐದು ವಾರ ಕೊಳವೆ ಕೆಂಪಾಗಿಯೇ ಇತ್ತು. ಆರನೆಯ ವಾರ ನನಗೆ ಸ್ವಲ್ಪ ತಿಳಿಯಾದಂತೆ ಕಂಡಿತು, ಮಾಸ್ಟ್ರು ನಂಬಲಿಲ್ಲ. ಎಂಟನೆಯ ಸೋಮವಾರ ಇಬ್ಬರಿಗೂ ಕಂಡಿತು. ಆದರೂ ಹವಳ ಬದುಕುವಷ್ಟು ಇಳಿದಿರಲಿಲ್ಲ.

ಆ ವಾರವೇ ತೊಳೆಯುವ ವಾರ. ವಾರ್ಷಿಕೋತ್ಸವಕ್ಕೆ ಮೊದಲು ಇಡೀ ಮೀನುಮನೆಯನ್ನು ಬ್ಲೀಚಿಂಗ್ ಪೌಡರು ಹಾಕಿ ತೊಳೆಯುವುದು ನಮ್ಮಲ್ಲಿ ರೂಢಿ, ಸಮಿತಿಯವರು ಶನಿವಾರ ಬಂದು ಮೂಲೆ ಮೂಲೆ ನೋಡುವುದೂ ರೂಢಿ. ಅಂದು ಕಿಣಿಯವರು ಮೂಗಿಗೆ ಕರ್ಚೀಪು ಹಿಡಿದು ಕಪಾಟಿನ ಮುಂದೆ ನಿಂತರು. ಹಿಂದೆ ಸಮಿತಿಯ ಐದು ಜನ.

"ಎಂತ ವಾಸನೆ ಇದು! ತೆಗಿ ಬೀಗ. ಆ ಕಲ್ಲೆಲ್ಲ ಹೊರಗೆ ಹಾಕಿ ತೊಳಿ."

"ತೊಳಿಯುದಿಲ್ಲ" ಎಂದೆ.

"ಏನು?"

"ತೊಳಿಯುದಿಲ್ಲ ಅಂದೆ. ಕೇಳಿಸ್ಲಿಲ್ವಾ?" ಕಪಾಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತೆ. ಕೀಲಿ ಸೊಂಟದಲ್ಲಿತ್ತು.

"ನೋಡಿ, ನೋಡಿ," ಎಂದು ಕಿಣಿಯವರು ಸಮಿತಿಯ ಕಡೆ ತಿರುಗಿದರು. "ಮಾಸ್ಟ್ರಿಗೆ ವಯಸ್ಸಾಯ್ತು, ಅವರ ಪ್ರಯೋಗ ಎರಡು ವರ್ಷದಿಂದ ಹಾಳು. ಈಗ ಇವಳಿಗೂ ಸೋಮಾರಿತನ ಕಲಿಸಿದ್ದಾರೆ."

ಸೋಮಾರಿ! ನನಗೆ! ನಾನು ಧಡಕ್ಕನೆ ಎದ್ದು ನಿಂತೆ.

"ಮಾಸ್ಟ್ರ ಪ್ರಯೋಗ ಹಾಳು ಮಾಡಿದ್ದು ನಾನು," ಎಂದೆ. "ಎರಡು ವರ್ಷ ಈ ಕಲ್ಲನ್ನು ತೊಳೆದು ತೊಳೆದು ಸಾಯಿಸಿದವಳು ನಾನು. ನೀವೆಲ್ಲ ಅವರನ್ನು ನೋಡಿ ನಗಾಡಿದ್ರಿ, ನಾನೂ ಗೊತ್ತಿಲ್ಲದೆ ಅದಕ್ಕೆ ಸೇರಿದೆ. ಅವರು ಓದಿದ್ದು ಸರಿ ಇತ್ತು. ಬೈಯುದಾದ್ರೆ ನನಗೆ ಬೈಯಿರಿ, ಕೆಲಸದಿಂದ ತೆಗೀರಿ. ಆದ್ರೆ ಸೋಮವಾರದವರೆಗೆ ಈ ಬೀಗ ತೆಗೀಲಿಕ್ಕೆ ನಾನು ಬಿಡುದಿಲ್ಲ. ಅವತ್ತು ಕೊಳವೆ ಕೆಂಪಾದ್ರೆ ತೊಟ್ಟಿಯ ಒಟ್ಟಿಗೆ ನಾನೂ ಹೊರಗೆ. ನೀವು ಹೇಳುದೇ ಬೇಡ."

ಅಧ್ಯಕ್ಷರು ಗಾಜಿಗೆ ಹಣೆ ತಾಗಿಸಿ ಹವಳವನ್ನು ನೋಡಿದರು. ಅದು ಮುಷ್ಟಿ ಕಟ್ಟಿಕೊಂಡೇ ಇತ್ತು. "ಎರಡು ದಿನ ತಾನೆ, ಇರ್ಲಿ ಕಿಣಿಯವರೆ" ಎಂದು ಹೇಳಿ ನಡೆದರು. ಕಿಣಿಯವರು ಬಕೆಟನ್ನು ಕಾಲಲ್ಲಿ ಸರಿಸಿ ಹಿಂದೆ ಹೋದರು. ಮಾಸ್ಟ್ರು ಅಂದು ಅಕ್ಕನ ಮನೆಗೆ ಹೋಗಿರಲಿಲ್ಲವೆಂದು ನನಗೆ ಗೊತ್ತಾದದ್ದು ಆಮೇಲೆ. ಪಂಪಿನ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಹೊರಗೆ ಬಂದು, ಕಿಸೆಯಿಂದ ಒಂದು ಕಾಗದ ತೆಗೆದು ನಾಲ್ಕು ಚೂರು ಮಾಡಿ ನನ್ನ ಕಸದ ಬುಟ್ಟಿಗೆ ಹಾಕಿದರು.

ಸೋಮವಾರ ಹನಿ ಹಾಕಿದ್ದು ನಾನೇ. ಸಮಿತಿಯವರು, ಕಿಣಿಯವರು, ಎಲ್ಲ ಸುತ್ತ ನಿಂತಿದ್ದರು. ಐದು ನಿಮಿಷ ಮಾಸ್ಟ್ರು ಗಡಿಯಾರ ನೋಡಿದರು, ನಾನು ನೆಲ ನೋಡಿದೆ. ಆಮೇಲೆ ಬಿಳಿ ಕಾಗದದ ಮುಂದೆ ಕೊಳವೆಯನ್ನು ಹಿಡಿದೆ. ಎಳೆಗೂಸಿನ ಉಗುರಿನಷ್ಟು ಗುಲಾಬಿ, ಅದೂ ಬೆಳಕಿಗೆ ಹಿಡಿದರೆ ಮಾತ್ರ.

"ಇದು ನೀರೇ ಅಲ್ವಾ?" ಎಂದರು ಅಧ್ಯಕ್ಷರು.

"ನೀರೇ," ಎಂದರು ಮಾಸ್ಟ್ರು. "ಇನ್ನು ಅದು ಬದುಕ್ತದೆ."

ಹವಳ ಅಂದೇ ಅರಳಿತು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಅದಕ್ಕೆ ಇನ್ನೂ ಮೂರು ವಾರ ಬೇಕಾಯಿತು. ಪ್ಲಾಸ್ಟಿಕ್ ಹವಳಗಳನ್ನು ಕಿಣಿಯವರು ಆಫೀಸಿನ ಕಪಾಟಿನ ಮೇಲೆ ಸಾಲಾಗಿ ಜೋಡಿಸಿದರು. ನಾನು ಅಲ್ಲಿದ್ದ ಅಷ್ಟೂ ವರ್ಷ ಅವುಗಳ ಧೂಳನ್ನು ಒಂದು ದಿನವೂ ಒರೆಸಲಿಲ್ಲ.

ಆ ಸೋಮವಾರ ಎಲ್ಲರೂ ಹೋದ ಮೇಲೆ ನಾನು ಬೀಗ ತೆಗೆದು ನೀರಿಗೆ ಕೈ ಹಾಕಿ, ಎದುರಿನ ಕಲ್ಲಿನ ಮೇಲೆ ಅಂಗೈ ಇಟ್ಟೆ. ಮೆತ್ತಗೆ, ಜಾರುಜಾರಾಗಿ, ಬೆಚ್ಚಗಿತ್ತು. ತಿಕ್ಕಲಿಲ್ಲ. ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡಿದ್ದು, ಬೀಗ ಹಾಕಿ, ಬಾಗಿಲ ಬಳಿಯ ನಲ್ಲಿಯನ್ನು ದಾಟಿ, ಕೈ ತೊಳೆಯದೆ ಮನೆಗೆ ನಡೆದೆ.