ದೇವಿಯ ಎಡರೆಕ್ಕೆ

ಮೆಂಫಿಸ್ಸಿನ ಪ್ತಾಹ ದೇವರ ಗುಡಿಯ ಅಕ್ಕಸಾಲೆಯಲ್ಲಿ, ಚಿನ್ನದ ತಗಡಿನ ಮೇಲೆ ಹಕ್ಕಿಗರಿ ಕೆತ್ತುವುದರಲ್ಲಿ ಪಶೇದುವನ್ನು ಮೀರಿಸುವವರಿಲ್ಲ ಎಂದು ಎಲ್ಲರಿಗಿಂತ ಹೆಚ್ಚಾಗಿ ಪಶೇದುವೇ ಹೇಳಿಕೊಂಡು ತಿರುಗುತ್ತಿದ್ದ. ಐವತ್ತು ದಾಟುತ್ತಿದ್ದಂತೆ ಅವನ ಕಣ್ಣು ಕೈಕೊಟ್ಟಿತು. ಗೋಪುರದ ತುದಿಯಲ್ಲಿ ಕೂತ ಗಿಡುಗ ಚೆನ್ನಾಗಿ ಕಾಣುತ್ತಿತ್ತು. ಮೂಗಿನ ಕೆಳಗಿನ ಗರಿ ಮಾತ್ರ ಮಂಜುಮಂಜು. ಒಮ್ಮೆ ಬಿಯರಿನ ಬಟ್ಟಲಿಗೆ ಬಿದ್ದ ನೊಣವನ್ನು ಖರ್ಜೂರದ ಚೂರೆಂದು ಅಗಿದು, "ಈ ಸಲದ್ದು ಸ್ವಲ್ಪ ಒಗರು" ಅಂದಿದ್ದ. ಆದರೂ ಯಾರಿಗೂ ಗೊತ್ತಾಗಿಲ್ಲವೆಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಆ ವರ್ಷ ಗರ್ಭಗುಡಿಯ ಚಿನ್ನದ ಮಂಟಪದ ಬಾಗಿಲಿಗೆ ರೆಕ್ಕೆ ಹರಡಿದ ಐಸಿಸ್ ದೇವಿಯನ್ನು ಕೆತ್ತುವ ಕೆಲಸ ಬಂತು. ಪಶೇದು ಬೆರಳ ತುದಿಯಲ್ಲಿ ತಡವಿ ತಡವಿ ಎರಡೂ ರೆಕ್ಕೆ ಮುಗಿಸಿದ. ಎದುರು ಕೂರುತ್ತಿದ್ದ ನಖ್ತಿ, ಮೂವತ್ತು ವರ್ಷದಿಂದ ದಿನಕ್ಕೊಂದು ಚುಚ್ಚುಮಾತು ಆಡುತ್ತ ಬಂದವನು, ಈ ಸಲ ತುಟಿ ಬಿಚ್ಚಲಿಲ್ಲ. ಹೊಟ್ಟೆಕಿಚ್ಚು, ಅಂದುಕೊಂಡ ಪಶೇದು.

ಹಿರಿಯ ಪೂಜಾರಿ ಬಾಗಿಲು ನೋಡಲು ಬಂದ. ಎಡರೆಕ್ಕೆಯ ಮುಂದೆ ನಿಂತು, "ಆಹಾ! ಗಾಳಿ ಬೀಸಿದ್ರೆ ಹಾರಿಬಿಡ್ತದೆ. ಯಾರ ಕೈ ಇದು?" ಎಂದ.

"ನಂದೇ ಸ್ವಾಮಿ." ಪಶೇದು ಎದೆಯುಬ್ಬಿಸಿ ರೆಕ್ಕೆಯ ಮೇಲೆ ಬೆರಳಾಡಿಸಿದ. ಬೆರಳು ಅಲ್ಲೇ ನಿಂತಿತು. ಅವನು ಎಡಚ, ಗೀರು ಮುಗಿಸುವಾಗ ತುದಿ ಎಡಕ್ಕೆ ಕೊಂಕುವುದು ಅವನ ಹುಟ್ಟುಚಾಳಿ. ಇಲ್ಲಿ ಒಂದೊಂದು ಗರಿಯೂ ಬಲಕ್ಕೆ ಕೊಂಕಿತ್ತು. ಇದು ನಖ್ತಿಯ ಕೈ! ದಿನಾ ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಬಂದು, ತಗಡನ್ನು ಉಜ್ಜಿ ಸಪಾಟು ಮಾಡಿ, ಮತ್ತೆ ಕೆತ್ತಿದ್ದಾನೆ. ಬಲರೆಕ್ಕೆಗೆ ಅವನಿಗೆ ಹೊತ್ತು ಸಾಲಲಿಲ್ಲ.

ಸುಮ್ಮನಿದ್ದರೆ ಹೊಗಳಿಕೆ ದಕ್ಕುತ್ತಿತ್ತು. ದೇವಿಯ ಎದುರೇ ಕಳ್ಳಮಾತು ಆಡುವಷ್ಟು ಎದೆಗಾರಿಕೆ ಪಶೇದುವಿಗೆ ಇರಲಿಲ್ಲ.

"ತಪ್ಪಾಯ್ತು ಸ್ವಾಮಿ. ಇದು ನಖ್ತಿದು. ಆ ಕಡೆ ಪುಕ್ಕ ಕಿತ್ತ ಬಾತುಕೋಳಿ ಥರ ಇದೆಯಲ್ಲ, ಅದು ನಂದು. ನಂಗೆ ಹತ್ತಿರದ್ದು ಕಾಣಲ್ಲ."

ಅಕ್ಕಸಾಲೆಯೆಲ್ಲ ಗೊಳ್ಳೆಂದಿತು. "ಹೋದ ಸುಗ್ಗಿಯಿಂದ ಗೊತ್ತು ಕಣಣ್ಣ. ನೀನು ನೊಣ ತಿಂದಿದ್ದೂ ನೋಡಿದ್ವಿ!" ಎಂದನೊಬ್ಬ.

ನಖ್ತಿ ಮಾತ್ರ ಸಿಡುಕಿದ. "ಬಾಯಿ ಮುಚ್ಕೊಂಡಿರೋಕೆ ಆಗಲ್ವೇನೋ ನಿಂಗೆ? ಹದಿನೈದು ದಿನ ನಿದ್ದೆಗೆಟ್ಟು ನಿನ್ನ ಮಾನ ಉಳಿಸಿದ್ನಲ್ಲೋ!"

"ಮೂವತ್ತು ವರ್ಷ ನಿನ್ನನ್ನ ಕತ್ತೆ ಅಂತಿದ್ದೆ," ಎಂದ ಪಶೇದು. "ಕತ್ತೆ ಯಾವುದು ಅನ್ನೋದೂ ನಂಗೆ ಸರಿಯಾಗಿ ಕಂಡಿರಲಿಲ್ಲ ನೋಡು."

ಪೂಜಾರಿಯೂ ನಕ್ಕುಬಿಟ್ಟ. ಬಲರೆಕ್ಕೆಯನ್ನು ನಖ್ತಿಗೆ ಒಪ್ಪಿಸಿದ. ತಗಡನ್ನು ಮರಕ್ಕೆ ಒತ್ತಿ ಕೂರಿಸಿ, ಎಲ್ಲಿ ಸುಕ್ಕಿದೆಯೆಂದು ಬೆರಳಲ್ಲೇ ಪತ್ತೆ ಹಚ್ಚುವ ಕೆಲಸ ಪಶೇದುವಿಗೆ ಬಂತು. ಹೊಸಬರಿಗೆ ಕೊಡುವ ಕೆಲಸ ಅದು. ಅವನ ಮುಖ ಸಣ್ಣದಾಯಿತು. ಎದೆ ಮಾತ್ರ ಹಗುರವಾಯಿತು.

ಸಂಜೆ ಮನೆಯಲ್ಲಿ ಹೆಂಡತಿ ಹೆನುತಳಿಗೆ ಒಂದನ್ನೂ ಬಿಡದೆ ಹೇಳಿದ. ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ, ಅವನ ಮುಖಕ್ಕೆ ಮುಖ ತಂದಳು.

"ಇಷ್ಟು ಹತ್ತಿರದಿಂದ ನಾನು ಹೇಗೆ ಕಾಣ್ತೀನಿ?"

"ಮದುವೆ ದಿನ ಇದ್ದ ಹಾಗೇ ಇದೀಯ."

"ಅಯ್ಯೋ, ಹಾಗಾದ್ರೆ ನಿಮ್ಮ ಕಣ್ಣು ಪೂರ್ತಿ ಹೋಗಿದೆ ಬಿಡಿ," ಎಂದು ನಗುತ್ತ ರೊಟ್ಟಿಯ ಬುಟ್ಟಿಯನ್ನು ಅವನ ಕೈಗೆ ಸಿಗುವಂತೆ ಸರಿಸಿದಳು.