ಐದನೇ ಮೇಜಿನ ಬಟ್ಟೆ

"ಇದು ಬರ್ಗಂಡೀದಲ್ಲ ಕಣೋ," ಎಂದು ಅಕ್ಕ ಐದನೇ ಮೇಜಿನ ಬಟ್ಟೆಯನ್ನು ತಮ್ಮನ ಮುಖದೆದುರು ಹಿಡಿದಳು. ಬಿಳಿ ಬಟ್ಟೆಯ ನಡುವೆ ಅಂಗೈಯಗಲದ ವೈನ್ ಕಲೆ, ಶಾಯಿ ಚೆಲ್ಲಿದ ಹಾಗೆ.

ತಮ್ಮ ಮೂಗಿನ ಮೇಲಿನ ಕರವಸ್ತ್ರ ತೆಗೆಯಲಿಲ್ಲ. ಹೋಟೆಲಿನ ನೆಲಮಾಳಿಗೆಯ ಈ ಲಾಂಡ್ರಿಗೆ ಇಳಿದಾಗಲೆಲ್ಲ ಅವನದು ಇದೇ ವೇಷ. ಮೇಲೆ ಊಟದ ಹಾಲಿನಲ್ಲಿ ವೈನ್ ಬಡಿಸುವವನು. ಎಲ್ಲರ ಬಾಯಲ್ಲೂ 'ಮೂಗಿನ ಸಾಹೇಬರು'. ಹನ್ನೊಂದು ವರ್ಷದಲ್ಲಿ ಇವಳು ತನ್ನ ಅಕ್ಕ ಎಂದು ಒಬ್ಬರಿಗೂ ಹೇಳಿದವನಲ್ಲ. "ಲಾಂಡ್ರಿಯವಳು" ಎಂದರೆ ಮುಗಿಯಿತು. ಮೊದಲ ದಿನ ಅವನಿಗೆ ಬಿಳಿ ಕೋಟು ಇಸ್ತ್ರಿ ಮಾಡಿ ತೊಡಿಸಿದ್ದು ಇದೇ ಲಾಂಡ್ರಿಯವಳು.

"ಬರ್ಗಂಡಿ ಅಂದ್ರೆ ಒಂದು ಸೀಮೆ. ಅಲ್ಲಿ ಕೆಂಪು ಅಂದ್ರೆ ಪಿನೋ ನ್ವಾರ್ ದ್ರಾಕ್ಷಿ," ಎಂದ, ದಡ್ಡ ಮಗುವಿಗೆ ಮಗ್ಗಿ ಹೇಳಿಕೊಡುವವನ ಹಾಗೆ. "ಬೋರ್ಡೋಗೆ ಕ್ಯಾಬರ್ನೆ, ರಿಯೋಹಾಗೆ ಟೆಂಪ್ರಾನಿಯೊ, ಮೆಂಡೋಸಾಗೆ ಮಾಲ್ಬೆಕ್. ನಿನ್ನ ತಲೆಗೆ ಹೋಗಲ್ಲ ಬಿಡು. ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ! ಕೋಟು ಕೊಡು, ನಾಲ್ಕು ಗಂಟೆಗೆ ಪರೀಕ್ಷೆ."

ಪರೀಕ್ಷೆಯ ಸುದ್ದಿ ಅಕ್ಕನಿಗೂ ಬಂದಿತ್ತು. ಮಧ್ಯಾಹ್ನ ಐದನೇ ಮೇಜಿನ ಅತಿಥಿ "ನಾನು ಕೇಳಿದ ಬರ್ಗಂಡಿ ಇದಲ್ಲ" ಎಂದು ಲೋಟ ತಳ್ಳಿ ಚೆಲ್ಲಿದ್ದ. "ನಮ್ಮವನ ಮೂಗು ತಪ್ಪೋದಿಲ್ಲ" ಎಂದು ಮಾಲೀಕರು ಪಂತ ಕಟ್ಟಿದ್ದರು. ಹೋಟೆಲಿನಲ್ಲಿರುವ ನಾಲ್ಕು ಕೆಂಪು ವೈನುಗಳನ್ನು ಬಣ್ಣ ಕಾಣದ ಕಪ್ಪು ಗಾಜಿನ ಲೋಟಗಳಲ್ಲಿ ಇಡುತ್ತಾರೆ. ಇವನು ಮೂಸಿ ಹೇಳಬೇಕು. ತಪ್ಪಿದರೆ ಕೋಟು ಕಳಚಿಟ್ಟು ಮನೆಗೆ.

"ನಾನು ಸೀಮೆ ಕಂಡಿಲ್ಲಪ್ಪ, ಕಲೆ ಕಂಡಿದೀನಿ," ಎಂದಳು ಅಕ್ಕ. ಏನು ಚೆಲ್ಲಿದೆ ಎಂಬ ಚೀಟಿ ಚುಚ್ಚಿಕೊಂಡೇ ಬಟ್ಟೆಯ ಗಂಟು ಕೆಳಗೆ ಬರುತ್ತಿತ್ತು. ಓದಿ ಓದಿ ಅವಳಿಗೆ ಹೆಸರೆಲ್ಲ ಬಾಯಿಪಾಠ. "ನಿನ್ನ ಪಿನೋ ಬಡಪಾಯಿ, ತಣ್ಣೀರಿಗೇ ಅರ್ಧ ಹೋಗುತ್ತೆ. ಇದು ಮಾಲ್ಬೆಕ್, ರಾಕ್ಷಸ ಜಾತಿ. ಅಂಚಿಗೆ ನೇರಳೆ ಕಟ್ಟಿದೆ ನೋಡು. ವೈನಿನ ಹೂಜಿ ಅದಲುಬದಲು ಮಾಡಿದೀಯ."

"ಕೊಳೆ ನೋಡಿ ವೈನ್ ಹೇಳ್ತಾಳಂತೆ!"

ಅಕ್ಕನಿಗೆ ರೇಗಿತು. ಕೆಂಪು ಗಾರೆಯ ಮೆಟ್ಟಿಲು ಒರೆಸಿದ್ದ ಬಟ್ಟೆ ಬಕೆಟ್ಟಿನಲ್ಲಿತ್ತು. ಅದನ್ನು ಹಿಂಡಿ, ಕೆಂಪು ಮಚ್ಚೆ ಮೇಲೆ ಬರುವಂತೆ ಮಡಚಿ ಚಾಚಿದಳು. "ಇದು ಯಾವ ಸೀಮೆ, ಹೇಳಿ ಸಾಹೇಬ್ರೇ." ಹೌಹಾರಿ ಹಿಂದೆ ಸರಿದು ಬೈಯುತ್ತಾನೆ ಎಂದುಕೊಂಡಿದ್ದಳು.

ಅವನು ಕರವಸ್ತ್ರ ಸರಿಸಿ, ಕಣ್ಣು ಮುಚ್ಚಿ, ದೀರ್ಘವಾಗಿ ಮೂಸಿದ. "ಚೆರ್ರಿ. ಒದ್ದೆ ಎಲೆ. ಕೊನೆಗೊಂದು ಎಳೆ ಹೊಗೆ. ಅಪ್ಪಟ ಬರ್ಗಂಡಿ."

ಬಟ್ಟೆಯಿಂದ ಫಿನೈಲು ಅವನ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಕಸ್ತೂರಿ ಹಾಳಾಗಲಿ, ಫಿನೈಲೂ ಗೊತ್ತಾಗ್ತಿಲ್ಲವಲ್ಲೋ ನಿನಗೆ!"

ಸಾಹೇಬರು ಮೈಲಿಗೆ ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತರು. "ಜ್ವರ ಬಂದಿತ್ತಲ್ಲ, ಆವಾಗಿಂದ. ಮೂರು ತಿಂಗಳಾಯ್ತು. ಏನೂ ಬರಲ್ಲ."

"ಮತ್ತೆ ಇಲ್ಲಿಗೆ ಬಂದಾಗಲೆಲ್ಲ ಯಾವ ವಾಸನೆಗೆ ಮೂಗು ಮುಚ್ಕೋತಿದ್ದೆಯೋ?"

ಅವನು ಕರವಸ್ತ್ರವನ್ನು ಜೇಬಿಗೆ ತುರುಕಿದ. ಯಂತ್ರ ತಿರುಗುತ್ತಿತ್ತು. "ಅಕ್ಕಾ," ಎಂದ, ತೀರ ಸಣ್ಣಗೆ.

ಅಕ್ಕ ಕೋಟು ತಂದು ಅವನ ಮಡಿಲಿಗೆ ಎಸೆದಳು, ಅದರ ಮೇಲೊಂದು ಬಡಿಸುವವರ ಬಿಳಿ ಕೈವಸ್ತ್ರ. "ಇದನ್ನ ತೋಳಿನ ಮೇಲೆ ಹಾಕ್ಕೋ. ಲೋಟದ ಅಂಚು ಒರೆಸೋ ನೆಪದಲ್ಲಿ ಒಂದೊಂದು ಹನಿ ಹೀರಿಸು. ತೆಳು ಗುಲಾಬಿ ಆದ್ರೆ ಪಿನೋ. ಇಟ್ಟಿಗೆ ಬಣ್ಣ ತಿರುಗಿದ್ರೆ ರಿಯೋಹಾದ್ದು. ಕಡುಗೆಂಪು ನಿಮ್ಮ ಬೋರ್ಡೋ. ರಾಕ್ಷಸನ್ನ ಈಗಷ್ಟೇ ತೋರಿಸಿದೀನಿ. ನಿನ್ನ ಮೇಲಿನ ಪ್ರೀತಿಗಲ್ಲ ಮತ್ತೆ! ಕೆಲಸ ಹೋಗಿ ನೀನು ಮನೇಲಿ ಕೂತ್ರೆ ಆ ಮಗ್ಗಿ ಕೇಳೋ ಕರ್ಮ ನನಗ್ಯಾಕೆ? ಹೋಗು, ಬೂಟು ಒರೆಸ್ಕೊಂಡು ಹೋಗು."

ನಾಲ್ಕೂಕಾಲಿಗೆ, ಮೇಲಿನಿಂದ ಬಟ್ಟೆ ಜಾರಿ ಬೀಳುವ ತಗಡಿನ ಕೊಳವೆಯಲ್ಲಿ ಚಪ್ಪಾಳೆ ಕೇಳಿಸಿತು. ಹಿಂದೆಯೇ ತಮ್ಮನ ದನಿ, ಎಂದಿನ ಗತ್ತಿನಲ್ಲಿ. "ಬಣ್ಣ ನೋಡಿ ಹೇಳೋದು ಕೂಲಿಯವರೂ ಹೇಳ್ತಾರೆ ಸ್ವಾಮಿ. ಎಲ್ಲಾ ಇರೋದು ಮೂಗಲ್ಲಿ. ಅದನ್ನ ಯಾರೂ ಕಲಿಸೋಕಾಗಲ್ಲ."

ಅಕ್ಕ ಕೊಳವೆಯ ಬಾಯನ್ನೇ ನೋಡುತ್ತ ನಿಂತಳು. ಸ್ವಲ್ಪ ಹೊತ್ತಿಗೆ ಗಂಟೊಂದು ದೊಪ್ಪನೆ ಬಿತ್ತು. ಬಿಚ್ಚಿದಾಗ ಆ ಕೈವಸ್ತ್ರ ಒಳಗಿತ್ತು, ಒಂದೇ ಸಾಲಿನಲ್ಲಿ ನಾಲ್ಕು ಚುಕ್ಕೆ. ಎಡದಿಂದ ಬಲಕ್ಕೆ ತುಟಿಯಲ್ಲೇ ಒಂದೊಂದಾಗಿ ಹೆಸರು ಹೇಳಿಕೊಂಡಳು.

ತೊಟ್ಟಿಗೆ ಬಿಟ್ಟಿದ್ದ ನಲ್ಲಿ ನಿಲ್ಲಿಸಿದಳು. ಕೈವಸ್ತ್ರವನ್ನು ನೀರಿಗೆ ಮುಟ್ಟಿಸದೆ ಕೊಡವಿ, ಮೆಟ್ಟಿಲಿಳಿದು ಬರುವವರಿಗೆ ಮೊದಲು ಕಾಣುವ ತಂತಿಗೆ, ಒಗೆದ ಬಿಳಿ ಬಟ್ಟೆಗಳ ಸಾಲಿನಲ್ಲಿ, ಎರಡು ಕ್ಲಿಪ್ಪು ಹಾಕಿ ನೇತುಹಾಕಿದಳು.