ಸದ್ದಿಲ್ಲದೆ ನೋಡಿದ ದೆವ್ವದ ಸಿನಿಮಾ

ಬೆಳಿಗ್ಗೆ ಹೊದಿಕೆಗಳನ್ನು ಸೋಪಿನ ನೀರಿನಿಂದ ಎತ್ತಿ ಹಿಂಡುತ್ತಿದ್ದೆ. ಮೊದಲನೆಯದನ್ನು ಅರ್ಧವೂ ಹಿಂಡಿರಲಿಲ್ಲ, ಒಳಗಿನಿಂದ ಚಿಕ್ಕ ಮಗಳ ಕರೆ ಬಂತು.

"ಅಮ್ಮಾ, ಬಚ್ಚಲ ಹತ್ರ ಬಂದು ನಿಂತ್ಕೋ."

ಎಂಟನೇ ತರಗತಿಯ ಹುಡುಗಿ. ನನ್ನ ಭುಜದ ಎತ್ತರಕ್ಕೆ ಬೆಳೆದಿದ್ದಾಳೆ. ಸ್ನಾನ ಮಾಡಲು ಬಾಗಿಲ ಹೊರಗೆ ಕಾವಲು ಬೇಕಂತೆ. ಕೈಯಿಂದ ನೀರು ತೊಟ್ಟಿಕ್ಕುತ್ತಿದ್ದರೂ ಹೋಗಿ ನಿಂತೆ. ಒಳಗಿನಿಂದ "ಇದ್ದೀಯಾ?" ಎಂದಳು. ಇದ್ದೀನಿ ಎಂದೆ. ಸುಮ್ಮನೆ ನಿಂತರೆ ಸಾಲದು, ಮಾತಾಡುತ್ತಲೇ ಇರಬೇಕಂತೆ. ಬಚ್ಚಲ ಬಾಗಿಲಿನ ಜೊತೆ ಎಷ್ಟು ಮಾತಾಡುವುದು ಹೇಳಿ. ಯಾರ ಮನೆಯ ಪರದೆ ಹೊಲಿಯಲು ಬಾಕಿಯಿದೆ, ಯಾರು ಅಳತೆ ತಪ್ಪು ಕೊಟ್ಟಿದ್ದಾರೆ ಎಂದೆಲ್ಲ ಬಾಗಿಲಿಗೆ ವರದಿ ಒಪ್ಪಿಸಿದೆ. ಅತ್ತ ನನ್ನ ಹೊದಿಕೆ ಕಲ್ಲಿನ ಮೇಲೆ ಬಿದ್ದು ಮತ್ತೆ ಮಣ್ಣಾಯಿತು.

ಭಾನುವಾರದಿಂದ ಇದೇ ಪಾಡು. ಭಾನುವಾರ ನಮ್ಮ ಮಕ್ಕಳಿಬ್ಬರೂ ಮನೆಯಲ್ಲಿ ದೆವ್ವದ ಸಿನಿಮಾ ನೋಡಿದ್ದರು.

ನಮ್ಮಲ್ಲಿ ಸಿನಿಮಾಕ್ಕೆ ಅಪ್ಪಣೆ ಕೊಡುವವರು ನಮ್ಮ ಯಜಮಾನರು. ಬೀದಿಯ ಮೂಲೆಯಲ್ಲಿ ಅವರದು ಕ್ಷೌರದ ಅಂಗಡಿ. ಕಾಯುವವರ ಬೇಸರ ಕಳೆಯಲೆಂದು ಗೋಡೆಗೆ ಒಂದು ಟಿವಿ ತೂಗುಹಾಕಿದ್ದಾರೆ. ಅದರ ಸದ್ದು ಯಾವಾಗಲೂ ಬಂದ್. ರೇಡಿಯೊದಲ್ಲಿ ಹಾಡು ಬರುತ್ತಿರುತ್ತದಲ್ಲ. ಯಜಮಾನರು ಟಿವಿಗೆ ಬೆನ್ನು ಹಾಕಿ ಕತ್ತರಿ ಆಡಿಸುತ್ತಾ, ಎದುರಿನ ಕನ್ನಡಿಯಲ್ಲಿ ಸಿನಿಮಾ ನೋಡುತ್ತಾರೆ. ಎಡಗೈ ಬಲಗೈ ಎಲ್ಲ ಅದಲುಬದಲು. ಆದರೂ ಒಂದು ತಲೆಗೂ ಇನ್ನೊಂದು ತಲೆಗೂ ನಡುವೆ ನೋಡಿದ್ದನ್ನು ಜೋಡಿಸಿಕೊಂಡು, ಪೂರ್ತಿ ನೋಡಿದೆ ಎನ್ನುತ್ತಾರೆ. ಈ ಸಿನಿಮಾವನ್ನೂ ಹಾಗೆಯೇ ನೋಡಿದ್ದರು. ಮಕ್ಕಳು ಕೇಳಿದಾಗ ತೀರ್ಪು ಕೊಟ್ಟರು.

"ನಾನೇ ನೋಡಿದೀನಿ. ರಕ್ತ ಇಲ್ಲ, ಹೊಡೆದಾಟ ಇಲ್ಲ, ಅಸಭ್ಯ ಅನ್ನೋದು ಏನೂ ಇಲ್ಲ. ಯಾವಳೋ ಹೆಂಗಸು ಮನೆ ತುಂಬಾ ಓಡಾಡ್ತಾಳೆ, ಅಷ್ಟೆ."

ಕಾಲೇಜಿಗೆ ಹೋಗುವ ದೊಡ್ಡವಳು ಫೋನಿನಲ್ಲಿ ಹುಡುಕಿ, ಹದಿಮೂರು ದಾಟಿದವರು ನೋಡಬಹುದು ಎಂದು ಬರೆದಿದ್ದನ್ನು ತೋರಿಸಿದಳು. ಚಿಕ್ಕವಳಿಗೆ ಹದಿಮೂರು ದಾಟಿದೆ. ಅಲ್ಲಿಗೆ ಎಲ್ಲರ ಲೆಕ್ಕವೂ ಸರಿಹೋಯಿತು. ಸಿನಿಮಾದ ಕಥೆ ಏನು ಎಂದು ಯಾರೂ ಕೇಳಲಿಲ್ಲ. ನಾನು ಹೊಲಿಗೆ ಯಂತ್ರದ ಮುಂದಿದ್ದೆ. ನೋಡಿ ಮುಗಿಸಿ ಎಂದೆ.

ಸಿನಿಮಾ ಮುಗಿದಾಗ ದೊಡ್ಡವಳು ನಗುತ್ತಾ ಎದ್ದು ತಲೆ ಬಾಚಿಕೊಳ್ಳಲು ಹೋದಳು. ಚಿಕ್ಕವಳು ದಿಂಬನ್ನು ಅಪ್ಪಿಕೊಂಡು ಕುಳಿತಲ್ಲೇ ಕುಳಿತಿದ್ದಳು. ಅಂದಿನಿಂದ ಅವಳ ಹಾಸಿಗೆ ನಮ್ಮ ಕೋಣೆಗೆ ಬಂತು. ದೀಪ ಆರಿಸುವಂತಿಲ್ಲ. ತರಗತಿಯಲ್ಲಿ ತೂಕಡಿಸುತ್ತಾಳೆ ಎಂದು ಶಾಲೆಯಿಂದ ಫೋನೂ ಬಂತು. ಏನಾಯಿತು ಎಂದು ಕೇಳಿದರೆ "ಏನಿಲ್ಲ" ಅನ್ನುತ್ತಾಳೆ, ಬಾಯಿಗೆ ಬೀಗ. ಅಕ್ಕನೋ, ದೆವ್ವ ಬಂದರೂ ನಿನ್ನ ಹಲ್ಲುಜ್ಜದ ಬಾಯಿ ನೋಡಿ ಅದೇ ಓಡಿಹೋಗುತ್ತೆ ಎಂದು ರೇಗಿಸುತ್ತಾಳೆ. ಅಪ್ಪನೋ, ನಮ್ಮ ಕಾಲದಲ್ಲಿ ಇದರಪ್ಪನಂಥ ದೆವ್ವ ನೋಡಿ ಗಡದ್ದಾಗಿ ಉಂಡು ಮಲಗುತ್ತಿದ್ದೆವು ಎನ್ನುತ್ತಾರೆ. ಹೇಳುವವರೆಲ್ಲ ಹೇಳಿ ಹೋಗುತ್ತಾರೆ. ಬಚ್ಚಲ ಮುಂದೆ ನಿಲ್ಲುವವಳು ನಾನು. ನನಗೆ ರೋಸಿಹೋಗಿತ್ತು.

ಪಕ್ಕದ ಮನೆಯಲ್ಲಿ ಒಬ್ಬ ನರ್ಸ್ ಇದ್ದಾರೆ, ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಕೆಲಸ. ನಾವೆಲ್ಲ ನರ್ಸಕ್ಕ ಎನ್ನುತ್ತೇವೆ. ಹೊಲಿಯಲು ಕೊಟ್ಟ ಪರದೆ ಒಯ್ಯಲು ಅಂದು ಸಂಜೆ ಬಂದರು. ಅಂಗಡಿಗೆ ವಾರದ ರಜೆ, ಯಜಮಾನರೂ ಮನೆಯಲ್ಲಿದ್ದರು. ಮಕ್ಕಳು ಮಹಡಿಯಲ್ಲಿದ್ದರು. ನನ್ನ ಗೋಳನ್ನೆಲ್ಲ ಅವರ ಮುಂದೆ ಸುರಿದೆ. ಅವರು ಚಹಾ ಕುಡಿಯುತ್ತಾ ಕೇಳಿದರು. ಆಮೇಲೆ ಯಜಮಾನರ ಕಡೆ ತಿರುಗಿ, ಸಿನಿಮಾವನ್ನು ಎಲ್ಲಿ ನೋಡಿದಿರಿ, ಹೇಗೆ ನೋಡಿದಿರಿ ಎಂದು ವಿಚಾರಿಸಿದರು. ಇವರು ಕನ್ನಡಿಯ ವಿಷಯವನ್ನು ಹೆಮ್ಮೆಯಿಂದಲೇ ಹೇಳಿದರು. ನರ್ಸಕ್ಕ ಲೋಟ ಕೆಳಗಿಟ್ಟರು.

"ಅಣ್ಣಾ, ದೆವ್ವದ ಸಿನಿಮಾನ ಸದ್ದಿಲ್ಲದೆ ನೋಡೋದು ಅಂದ್ರೆ, ಪಕ್ಕದ ಮನೆ ಅಡುಗೆನ ಕಿಟಕಿಯಿಂದ ನೋಡಿ ಉಪ್ಪು ಸರಿಯಾಗಿದೆ ಅಂದ ಹಾಗಾಯ್ತು."

"ಅಂಗಡೀಲಿ ಸೌಂಡ್ ಹೇಗಮ್ಮ ಕೊಡೋದು? ಗಿರಾಕಿ ಬೆಚ್ಚಿಬಿದ್ರೆ ಕಿವಿ ಕುಯ್ದುಹೋಗುತ್ತೆ."

"ಗಿರಾಕಿ ಬೆಚ್ಚಿಬೀಳ್ತಾನೆ ಅಂತ ಗೊತ್ತು ನಿಮಗೆ. ಮಗಳು ಬೀಳಲ್ಲ ಅಂದ್ಕೊಂಡ್ರಾ?"

ಯಜಮಾನರು ಸ್ವಲ್ಪ ಹೊತ್ತು ಮೀಸೆ ತೀಡಿಕೊಂಡರು. ಆದರೂ ಸೋಲುವ ಜಾತಿಯಲ್ಲ ಅವರದು. ದೊಡ್ಡವಳೂ ಅದನ್ನೇ ನೋಡಿದಳಲ್ಲ, ಅವಳಿಗೇನೂ ಆಗಲಿಲ್ಲವಲ್ಲ ಎಂದು ವಾದ ಹೂಡಿದರು. ಇದು ಚಿಕ್ಕವಳ ನಾಟಕ, ಮುದ್ದು ಮಾಡಿದ್ದು ಹೆಚ್ಚಾಯಿತು ಎಂದು ನನ್ನ ಕಡೆ ಒಂದು ನೋಟವನ್ನೂ ಎಸೆದರು.

ನರ್ಸಕ್ಕ ಸಿಟ್ಟಾಗಲಿಲ್ಲ. ಸಿನಿಮಾದ ಮೇಲೆ ಬರೆದ ವಯಸ್ಸು ಊರಿನ ಎಲ್ಲ ಮಕ್ಕಳಿಗೂ ಸೇರಿಸಿ ಬರೆದದ್ದು, ಅದಕ್ಕೆ ನಿಮ್ಮ ಮಗಳ ಪರಿಚಯವಿಲ್ಲ ಎಂದರು. ಅದನ್ನು ನೋಡಲೇಬೇಕು, ಆದರೆ ಅಷ್ಟಕ್ಕೇ ನಿಲ್ಲಿಸಬಾರದು. ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬರಿಗೆ ತಮಾಷೆಯಾದದ್ದು ಇನ್ನೊಬ್ಬರ ನಿದ್ದೆ ಕೆಡಿಸಬಹುದು. ಮನೆಯಲ್ಲಿ ಇತ್ತೀಚೆಗೆ ಸಾವು ನೋಡಿದ ಮಕ್ಕಳು, ಆಸ್ಪತ್ರೆಯಲ್ಲಿ ಮಲಗಿ ಬಂದವರು, ಮೊದಲೇ ನಿದ್ದೆ ಕಡಿಮೆ ಇರುವವರು, ಇಂಥವರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ರಕ್ತ ಇಲ್ಲ ಎಂದ ಮಾತ್ರಕ್ಕೆ ಭಯ ಇಲ್ಲ ಎಂದಲ್ಲ.

"ದೊಡ್ಡವಳಿಗೆ ಅದು ಸಿನಿಮಾ ಅಣ್ಣಾ. ಚಿಕ್ಕವಳಿಗೆ ಅದೇನು ಅಂತ ಇಬ್ಬರೂ ಕೂತು ನೋಡಿ. ಸೌಂಡ್ ಹಾಕ್ಕೊಂಡು," ಎಂದು ಹೇಳಿ ಪರದೆ ಎತ್ತಿಕೊಂಡು ಹೊರಟರು.

ಮರುದಿನ ಮಕ್ಕಳು ಓದಲು ಹೋದ ಮೇಲೆ, ಊಟದ ಬಿಡುವಿನಲ್ಲಿ ಯಜಮಾನರು ಅಂಗಡಿ ಮುಚ್ಚಿ ಬಂದರು. ಬರುವಾಗಲೇ ಮುಖ ಗಂಟು ಹಾಕಿಕೊಂಡಿದ್ದರು. ಹೆಂಗಸರಿಬ್ಬರು ಸೇರಿ ಹಗಲು ಹೊತ್ತು ದೆವ್ವ ತೋರಿಸುತ್ತಿದ್ದೀರಿ ಎಂದು ಗೊಣಗಿದರು. ಸದ್ದು ಜೋರು ಮಾಡಿ ಕುಳಿತೆವು. ಹಳೆಯ ಮನೆ, ಅದರಲ್ಲಿ ಸತ್ತುಹೋದ ಒಬ್ಬ ಮುದುಕಿ. ಮೊದಮೊದಲು ಇವರು ನನಗೆ ಮುಂದಿನ ದೃಶ್ಯ ಹೇಳುತ್ತಿದ್ದರು. ಆಮೇಲೆ ಗೋಡೆಯ ಆಚೆಯಿಂದ ಸದ್ದು ಬಂತು. ಟಕ್, ಟಕ್. ಸ್ವಲ್ಪ ಬಿಟ್ಟು ಇನ್ನೊಂದು ಟಕ್.

ಯಜಮಾನರು ಸಿನಿಮಾ ನಿಲ್ಲಿಸಿದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಕಳೆದ ವರ್ಷ ನಮ್ಮ ಅತ್ತೆ, ಇವರ ತಾಯಿ, ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದಿದ್ದರು. ದನಿ ಕ್ಷೀಣವಾಗಿತ್ತು. ನೀರು ಬೇಕಾದರೆ ಚಮಚದಿಂದ ಕಬ್ಬಿಣದ ಮಂಚವನ್ನು ಹೀಗೆಯೇ ತಟ್ಟುತ್ತಿದ್ದರು. ಎಲ್ಲರಿಗಿಂತ ಮೊದಲು ಓಡುತ್ತಿದ್ದವಳು ಚಿಕ್ಕವಳು. ಅತ್ತೆ ಇದ್ದ ಕೋಣೆಗೂ ಬಚ್ಚಲಿಗೂ ನಡುವೆ ಇರುವುದು ಒಂದೇ ಗೋಡೆ. ಅವರು ಒಂದು ಮಧ್ಯಾಹ್ನ ತೀರಿಕೊಂಡರು. ಹೃದಯ ಒಮ್ಮೆಲೇ ನಿಂತಿದೆ, ಪಕ್ಕದಲ್ಲಿ ಡಾಕ್ಟರೇ ಇದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರು ಅಂದೇ ಹೇಳಿದ್ದರು. ನಮಗೆ ಹೇಳಿದ್ದರು. ಮಕ್ಕಳಿಗೆ ನಾವು ಯಾರೂ ಹೇಳಿರಲಿಲ್ಲ.

ಸಿನಿಮಾದ ಮುದುಕಿ ಗೋಡೆ ತಟ್ಟುವುದು, ಬದುಕಿದ್ದಾಗ ಕರೆದರೆ ಯಾರೂ ಬರಲಿಲ್ಲ ಎಂಬ ಕೋಪಕ್ಕೆ. ಕನ್ನಡಿಯಲ್ಲಿ ನೋಡಿದವರಿಗೆ ಗೋಡೆಯ ಮೇಲೆ ಒಂದು ಕೈ ಕಂಡಿತ್ತು, ಅಷ್ಟೆ.

"ನಾನು ಇದನ್ನ ಕೇಳಿಸ್ಕೊಂಡೇ ಇರಲಿಲ್ಲ ಕಣೇ," ಎಂದರು ಯಜಮಾನರು. ಉಳಿದದ್ದನ್ನು ನೋಡಲು ಅವರಿಗೆ ಮನಸ್ಸಾಗಲಿಲ್ಲ. ಅಂಗಡಿ ತೆರೆಯಲೂ ತಡವಾಗಿ ಹೋದರು.

ಸಂಜೆ ಅವರೇ ಚಿಕ್ಕವಳ ಬಳಿ ಕುಳಿತು, ಸರಿಯಾಗಿ ನೋಡದೆ ಹೂಂ ಅಂದದ್ದು ನನ್ನ ತಪ್ಪು, ನಿನ್ನದೇನೂ ಇಲ್ಲ ಮರಿ ಎಂದರು. ದೊಡ್ಡವಳಿಗೆ ರೇಗಿಸುವುದು ಸಾಕು ಎಂದರು. ಅವಳು ಅಷ್ಟಕ್ಕೆ ಬಿಡದೆ, ಹಾಗಾದರೆ ಇನ್ನು ಮೇಲೆ ನಾವು ಏನೂ ನೋಡುವ ಹಾಗಿಲ್ಲವೇ ಎಂದು ಮುನಿಸಿಕೊಂಡಳು. ನೋಡೋಣ, ಮೊದಲು ನಾನು ನೋಡುತ್ತೇನೆ, ಕಿವಿಯಿಂದಲೂ ನೋಡುತ್ತೇನೆ ಎಂದು ಅಪ್ಪ ಅಂದಾಗ ಅವಳಿಗೂ ನಗು ಬಂತು.

ಇದನ್ನು ಕೆಲಸಗಳ ನಡುವೆ ಬರೆಯುತ್ತಿದ್ದೇನೆ. ಓದುವ ನೀವೂ ಕೆಲಸಗಳ ನಡುವೆಯೇ ಓದುತ್ತಿರಬಹುದು. ಆದರೂ ಕೇಳಿ. ಬೆಳೆಯುವ ಮಕ್ಕಳು ದೆವ್ವದ ಸಿನಿಮಾ ಕೇಳುತ್ತಾರೆ. ಗದರಿದರೆ ಗೆಳೆಯರ ಫೋನಿನಲ್ಲಿ ನೋಡುತ್ತಾರೆ. ಆದ್ದರಿಂದ ಬರೆದ ವಯಸ್ಸು ನೋಡಿ, ಯಾಕೆ ಹಾಗೆ ಬರೆದಿದ್ದಾರೆ ಎಂಬುದನ್ನೂ ಓದಿ. ಮನೆಯ ದೊಡ್ಡವರೊಬ್ಬರು ಸದ್ದು ಹಾಕಿಕೊಂಡು ಮೊದಲು ಪೂರ್ತಿ ನೋಡಿ. ಕಥೆಯಲ್ಲಿ ಇರುವ ಸಂಕಟ ನಿಮ್ಮ ಮನೆಯಲ್ಲೂ ನಡೆದಿದೆಯೇ ಎಂದು ಯೋಚಿಸಿ; ನಡೆದಿದ್ದರೆ ಸದ್ಯಕ್ಕೆ ಬೇಡ ಎನ್ನಿ, ಯಾಕೆ ಬೇಡ ಎಂದೂ ಹೇಳಿ. ತೋರಿಸುವುದಾದರೆ ಹಗಲಿನಲ್ಲಿ ಜೊತೆಗೆ ಕುಳಿತು ತೋರಿಸಿ, ನಡುವೆ ಎದ್ದು ಹೋದವರನ್ನು ಪುಕ್ಕಲು ಎನ್ನಬೇಡಿ. ಹೆದರಿದ ಮೇಲೆ ಕೆಲವು ದಿನ ದೀಪ ಉರಿಯಲಿ ಬಿಡಿ. ವಾರಗಳು ಕಳೆದರೂ ನಿದ್ದೆ ಬಾರದಿದ್ದರೆ, ಊಟ ಬಿಟ್ಟರೆ, ನಾಚಿಕೊಳ್ಳದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎದುರು ಕೂರಿಸಿಕೊಂಡು ಏನಾಯಿತು ಹೇಳು ಎಂದು ಮಾತ್ರ ಪೀಡಿಸಬೇಡಿ. ಇದು ನರ್ಸಕ್ಕ ಹೇಳಿದ್ದು: ಕೈಗೆ ಏನಾದರೂ ಕೆಲಸ ಕೊಟ್ಟು ಪಕ್ಕದಲ್ಲಿರಿ, ಬಾಯಿ ತಾನಾಗಿ ಬಿಚ್ಚುತ್ತದೆ.

ನನಗೆ ತಾಳ್ಮೆ ಉಳಿದಿರಲಿಲ್ಲ. ಆದರೂ ಹಾಗೆಯೇ ಮಾಡಿದೆ. ಶನಿವಾರ ಮಧ್ಯಾಹ್ನ ಉದ್ದನೆಯ ಪರದೆಯೊಂದರ ಅಂಚು ಮಡಚುತ್ತಿದ್ದೆ. ಚಿಕ್ಕವಳು ಇನ್ನೊಂದು ತುದಿ ಹಿಡಿದು ನೆಲದ ಮೇಲೆ ಕುಳಿತಿದ್ದಳು. ಊಟಕ್ಕೆ ಬಂದ ಯಜಮಾನರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಅವಳು ಬಟ್ಟೆಯಿಂದ ಕಣ್ಣೆತ್ತದೆ ಮಾತಾಡಿದಳು.

"ಅಮ್ಮಾ, ಅವತ್ತು ಅಜ್ಜಿ ತಟ್ಟಿದ್ದು ನನಗೆ ಕೇಳಿಸಿತ್ತು. ಪರೀಕ್ಷೆಗೆ ಓದ್ತಿದ್ದೆ, ಈ ಪುಟ ಮುಗಿಸಿ ಹೋಗೋಣ ಅಂದ್ಕೊಂಡೆ. ಆಮೇಲೆ ತಟ್ಟೋದು ನಿಂತುಹೋಯ್ತು. ನಾನು ಆಗಲೇ ಎದ್ದು ಹೋಗಿದ್ರೆ ಅಜ್ಜಿ ಉಳೀತಿದ್ರಾ?"